ಮಾಸ್ತರರು ಊದಿದ ರಸ್ತೆ

ಹನ್ನೊಂದು ವರ್ಷ ನಾನು ಮದುವೆಗಳ ಬಾಯಿ ಮುಚ್ಚಿಸುವ ಕೆಲಸ ಮಾಡಿದೆ. ರಾಣೆಬೆನ್ನೂರಿನ ಪೇಟೆ ರಸ್ತೆಯಿಂದ ಒಳಗೆ ಹೋಗುವ ಓಣಿಯೊಂದರಲ್ಲಿ ನಮ್ಮ ಸ್ಟುಡಿಯೊ ಇತ್ತು. ಮನೆಯವರು, ಅಂದರೆ ನನ್ನ ಗಂಡ, ಕ್ಯಾಮೆರಾ ಹೊತ್ತು ಮದುವೆಗೆ ಹೋಗುತ್ತಿದ್ದರು, ನಾನು ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಮಿಕ್ಸಿಂಗ್ ಮಾಡುತ್ತಿದ್ದೆ. ಮಿಕ್ಸಿಂಗ್ ಎಂದರೆ ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸಿ, ಮೇಲೆ ಸಿನಿಮಾ ಹಾಡು ಹಾಕಿ ಸಿ.ಡಿ. ಮಾಡಿಕೊಡುವುದು. ಮದುವೆಮನೆಯ ಅಸಲಿ ದನಿ ಯಾರಿಗೂ ಬೇಕಿರಲಿಲ್ಲ. ಅದರಲ್ಲಿ ಅಡುಗೆಯವರ ಬೈಗುಳ ಇರುತ್ತಿತ್ತು, ಬೀಗರ ಮುನಿಸು ಇರುತ್ತಿತ್ತು. ಹಾಗಾಗಿ ಕ್ಯಾಸೆಟ್ಟಿನಿಂದ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವಾಗಲೇ ದನಿ ಬೇಡವೆಂದು ಪರದೆಯ ಮೇಲಿನ ಒಂದು ಚೌಕದ ಗುರುತು ತೆಗೆದುಬಿಡುತ್ತಿದ್ದೆ. ಅಕ್ಕಿಕಾಳು ಹಾಕುವಾಗ ಒಂದು ಹಾಡು, ಊಟಕ್ಕೆ ಒಂದು, ಹೆಣ್ಣು ಒಪ್ಪಿಸಿಕೊಡುವಾಗ ಅಳುವ ಹಾಡು ಇನ್ನೊಂದು. ಅತ್ತವರು ಕಡಿಮೆಯಿದ್ದರೂ ಹಾಡು ಸರಿದೂಗಿಸುತ್ತಿತ್ತು.

ಕೆಲಸ ಮುಗಿದ ಕ್ಯಾಸೆಟ್ಟು ಬಾಗಿಲ ಬಳಿಯ ನೀಲಿ ಟ್ರೇಗೆ ಹೋಗುತ್ತಿತ್ತು. ಮರುದಿನ ಮನೆಯವರು ಅಲ್ಲಿಂದಲೇ ಎತ್ತಿಕೊಂಡು ಹೋಗಿ ಅದರ ಮೇಲೆ ಇನ್ನೊಂದು ಮದುವೆ ತುಂಬಿಸಿಕೊಂಡು ಬರುತ್ತಿದ್ದರು. ನಮ್ಮ ಕಸುಬಿನವರೆಲ್ಲ ಮಾಡುತ್ತಿದ್ದದ್ದು ಹೀಗೆಯೇ. ಒಂದೊಂದು ಕ್ಯಾಸೆಟ್ಟಿನ ಹೊಟ್ಟೆಯಲ್ಲಿ ನಾಲ್ಕೈದು ಮದುವೆ ಅಳಿಸಿಹೋಗಿರುತ್ತಿದ್ದವು.

ಇಂಥ ನನಗೆ ಊರಿನ ಮೇಲೊಂದು ಚಿತ್ರ ಮಾಡುವ ಹುಚ್ಚು ಹಿಡಿದದ್ದಕ್ಕೆ ಎರಡು ಕಾರಣ. ಒಂದು, ಮಧ್ಯಾಹ್ನವೊಂದರಲ್ಲಿ ಟಿ.ವಿ.ಯಲ್ಲಿ ಕಂಡ ಹಳೆಯ ಕಪ್ಪುಬಿಳುಪು ಚಿತ್ರ. ಯಾವುದೋ ಪರದೇಶದ ಶಹರ. ಬೆಳಗಾಗುತ್ತದೆ, ಅಂಗಡಿ ತೆಗೆಯುತ್ತಾರೆ, ಟ್ರಾಮು ಓಡುತ್ತದೆ, ಯಾರೋ ಕಿಟಕಿ ಒರೆಸುತ್ತಾರೆ. ಒಂದೇ ಒಂದು ಮಾತಿಲ್ಲ, ಬರೀ ಸಂಗೀತ. ಅನ್ನಕ್ಕಿಟ್ಟ ನೀರು ಆರಿ ಪಾತ್ರೆ ಕರಕಾದದ್ದು ಚಿತ್ರ ಮುಗಿದ ಮೇಲೆ ಗೊತ್ತಾಯಿತು. ಎರಡನೆಯ ಕಾರಣ ನಮ್ಮ ಪೇಟೆ ರಸ್ತೆಯ ಗೋಡೆಗಳ ಮೇಲೆ ಒಂದು ಬೆಳಗ್ಗೆ ಎದ್ದು ನಿಂತಿದ್ದ ಕೆಂಪು ಗೆರೆಗಳು. ರಸ್ತೆ ಅಗಲವಾಗಲಿತ್ತು. ಗೆರೆಯಿಂದ ಈಚೆಗಿದ್ದದ್ದೆಲ್ಲ ಒಡೆಯುವುದು ಎಂದು ಬರೆದಿದ್ದರು. ಕೆಲವು ಕಟ್ಟಡಗಳಿಗೆ ಗೆರೆ ಮುಖದ ಮೇಲಿತ್ತು, ಕೆಲವಕ್ಕೆ ಹಿತ್ತಿಲ ಗೋಡೆಯ ಮೇಲಿತ್ತು.

ರಸ್ತೆ ಅಗಲವಾಗುವುದರ ಬಗ್ಗೆ ನನಗೆ ತಕರಾರಿರಲಿಲ್ಲ. ಬೀಜದ ಕಂಪನಿಗಳ ಲಾರಿ, ಮೇಡ್ಲೇರಿ ಕಡೆಯ ಬಸ್ಸು, ಆಟೊ ಎಲ್ಲ ಒಂದೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ಹಾರ್ನ್ ಬಾರಿಸುವ ರಸ್ತೆ ಅದು. ನಾನೇ ಎಷ್ಟೋ ಸಲ ಬೈದಿದ್ದೇನೆ. ಆದರೆ ಹುಟ್ಟಿದಾಗಿನಿಂದ ನಡೆದಾಡಿದ ರಸ್ತೆಯನ್ನು ಒಮ್ಮೆಯೂ ಸರಿಯಾಗಿ ನೋಡದೆ ಕಳಕೊಳ್ಳುವುದು ನನ್ನಿಂದಾಗಲಿಲ್ಲ. ಚಿತ್ರ ಮಾಡುವುದೆಂದು ತೀರ್ಮಾನಿಸಿದೆ. ಸಂಗೀತ ಯಾರದು ಎಂಬ ಪ್ರಶ್ನೆ ಬಂದಾಗ ಹೆಚ್ಚು ಯೋಚಿಸಬೇಕಾಗಲಿಲ್ಲ. ಆ ರಸ್ತೆಯ ಕೊನೆಯಲ್ಲಿ ಬ್ಯಾಂಡ್ ಕಂಪನಿಯ ಅಂಗಡಿ ಇತ್ತು.

ಅಂಗಡಿಯೆಂದರೆ ಹತ್ತಡಿ ಕೋಣೆ. ಗೋಡೆಗೆ ಕೆಂಪು ಕೋಟುಗಳು, ಮೊಳೆಗೆ ತುತ್ತೂರಿಗಳು, ಬಾಗಿಲಲ್ಲಿ ಸ್ಟೂಲಿನ ಮೇಲೆ ಬ್ಯಾಂಡಿನ ಮಾಸ್ತರರು. ಅರವತ್ತು ದಾಟಿದ ಮುಸಲ್ಮಾನ ಹಿರಿಯರು, ಕ್ಲಾರಿನೆಟ್ ನುಡಿಸುತ್ತಿದ್ದರು. ಊರಿನ ಮುಕ್ಕಾಲುಪಾಲು ಗಂಡುಗಳು ಅವರ ಹಿಂದೆ ನಡೆದೇ ಮದುವೆಯಾದವರು. ಮೆರವಣಿಗೆ ಆ ರಸ್ತೆ ಹಿಡಿದರೆ ಮಾಸ್ತರರ ಬ್ಯಾಂಡಿಗೆ ಒಂದು ಕ್ರಮವಿತ್ತು. ಹಣಮಪ್ಪನ ಗುಡಿಯಿಂದ ಭಜನೆಯ ಧಾಟಿಯಲ್ಲಿ ಹೊರಡುವುದು. ಮಸೀದಿಯ ತಿರುವಿನಲ್ಲಿ ದನಿ ಇಳಿಸಿ ಮೆಲ್ಲಗೆ ದಾಟುವುದು. ಬಟ್ಟೆ ಅಂಗಡಿಗಳ ಸಾಲಿನಲ್ಲಿ ಹುಡುಗರ ಕುಣಿತಕ್ಕೆ ಬೇಕಾದ್ದು. ಟಾಕೀಸಿನ ಮುಂದೆ ಒಂದು ಹಳೆಯ ಸಿನಿಮಾ ಧಾಟಿ, ಅದು ಕಡ್ಡಾಯ. ಮಧ್ಯದಲ್ಲಿ ಹೆರಿಗೆ ಆಸ್ಪತ್ರೆ ಬಂದಾಗ ಪೂರಾ ಬಂದ್. ಗೇಟಿನಿಂದ ಗೇಟಿನವರೆಗೆ ಮೂವತ್ತು ಹೆಜ್ಜೆ, ತಮಟೆಗೆ ಕೈ ತಾಗುವಂತಿಲ್ಲ. ವರನ ಗೆಳೆಯರು ಎಷ್ಟು ಕೂಗಾಡಿದರೂ ಮಾಸ್ತರರು ಕ್ಲಾರಿನೆಟ್ಟನ್ನು ಎದೆಗೊತ್ತಿ ಹಿಡಿದು ಸುಮ್ಮನೆ ನಡೆಯುತ್ತಿದ್ದರು.

ನಾನು ವಿಷಯ ಹೇಳಿದೆ. ಮೆರವಣಿಗೆ ಇಲ್ಲ, ವರ ಇಲ್ಲ, ನೀವು ಬ್ಯಾಂಡ್ ಸಮೇತ ರಸ್ತೆಯುದ್ದ ಊದಿಕೊಂಡು ಬರಬೇಕು, ನಾವು ತೆಗೆಯುತ್ತೇವೆ, ಊರಿನ ಚಿತ್ರಕ್ಕೆ ನಿಮ್ಮದೇ ಸಂಗೀತ. ಅವರು ಚಹಾದ ಲೋಟ ಕೆಳಗಿಟ್ಟರು.

"ಅಕ್ಕಾರ, ನನ್ನ ಮಗಳ ಮದುವಿ ಕ್ಯಾಸೆಟ್ ಮಿಕ್ಸಿಂಗ್ ಮಾಡಿದಾವರು ನೀವ ಹೌದಲ್ಲೋ?"

"ಹೌದ್ರಿ ಮಾಸ್ತರ್ರ."

"ಆಕಿನ್ನ ಕಳಸೂ ಮುಂದ ನಾನ ಊದಿದ್ನಿ. ಬ್ಯಾರೆಯವರು ಬ್ಯಾಡ, ನನ್ನ ಮಗಳಿಗೆ ನಾನ ಊದತೇನಿ ಅಂತ ಹೇಳಿ ಊದಿದ್ನಿ. ಸೀಡ್ಯಾಗ ನೋಡಿದ್ರ, ಬೆರಳು ನಂದು, ಹಾಡು ಯಾವ್ದೋ ಸಿನಿಮಾದ್ದು. ಮಗಳು ಈಗೂ ಹಾಕ್ಕೊಂಡು ನೋಡತಾಳ. ನಾ ಎದ್ದು ಹೊರಗ ಹೋಗತೇನಿ."

ಮುಖದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ತಾಗಿತು. ಆ ಸಿ.ಡಿ.ಗೆ ನಾನು ಹಾಕಿದ ಹಾಡು ಯಾವುದೆಂದೂ ನನಗೆ ನೆನಪಿರಲಿಲ್ಲ. ಹನ್ನೊಂದು ವರ್ಷದಲ್ಲಿ ಎಷ್ಟು ಮದುವೆಯಲ್ಲಿ ಅವರ ಉಸಿರನ್ನು ಹೀಗೆ ಅಳಿಸಿದ್ದೆನೋ ಲೆಕ್ಕವಿಲ್ಲ. ಈ ಸಲ ನಿಮ್ಮ ದನಿ ಇರುತ್ತದೆ, ಅದರ ಮೇಲೆ ಬೇರೆ ಯಾವ ಹಾಡನ್ನೂ ನಾನು ಹಾಕುವುದಿಲ್ಲ ಎಂದು ಮಾತು ಕೊಟ್ಟೆ.

"ಹಂಗಾರ ಲಗೂ ಮಾಡ್ರಿ," ಎಂದು ಅವರು ತುಟಿ ಎತ್ತಿ ಮುಂದಿನ ಹಲ್ಲು ತೋರಿಸಿದರು. ನಾಲ್ಕೂ ಅಲುಗಾಡುತ್ತಿದ್ದವು. ಕ್ಲಾರಿನೆಟ್ಟಿಗೆ ಮೇಲಿನ ಹಲ್ಲು ಊರಿ ನಿಲ್ಲಬೇಕು. ಕೀಳಬೇಕೆಂದು ಹಾವೇರಿಯ ಹಲ್ಲಿನ ಡಾಕ್ಟರು ಹೇಳಿ ವರ್ಷವಾಗಿತ್ತಂತೆ, ಇವರು ಮುಂದೂಡುತ್ತ ಬಂದಿದ್ದರಂತೆ. "ಆಷಾಢದಾಗ ತಗಸೂದೈತಿ. ನಿಮ್ಮದು ಮುಗಿಸೇ ಹೊಕ್ಕೇನಿ."

ಆಷಾಢದಲ್ಲಿ ಮದುವೆಗಳಿಲ್ಲ. ಬ್ಯಾಂಡಿನವರಿಗೂ ನಮಗೂ ಖಾಲಿ ಕೂರುವ ಕಾಲ. ಒಂದು ಭಾನುವಾರ ಬೆಳಗ್ಗೆ ಏಳಕ್ಕೆ, ಅಂಗಡಿಗಳು ತೆರೆಯುವ ಮುಂಚೆ, ಒಂಬತ್ತು ಜನ ಕೆಂಪು ಕೋಟು ತೊಟ್ಟು ಹಣಮಪ್ಪನ ಗುಡಿಯ ಮುಂದೆ ನಿಂತರು. ಮನೆಯವರು ಕ್ಯಾಮೆರಾ ಹಿಡಿದರು, ನಾನು ಪಕ್ಕದಲ್ಲಿ ನಡೆದೆ. ಕಟ್ಟಡಗಳನ್ನೇ ಹೆಚ್ಚು ತೆಗೆಯಿರಿ, ಬ್ಯಾಂಡು ಆಗಾಗ ಕಂಡರೆ ಸಾಕು ಎಂದು ಮೊದಲೇ ಹೇಳಿದ್ದೆ. ಮಾಸ್ತರರು ಅಂದು ಊದಿದ್ದನ್ನು ನಾನು ಮೊದಲ ಸಲ ಕೇಳಿದೆ. ಅದಕ್ಕೂ ಮುಂಚೆ ಅದು ನನ್ನ ಕಿವಿಗೆ ಬಿದ್ದದ್ದು ಎಷ್ಟು ಸಲವೋ, ಕೇಳಿದ್ದು ಮಾತ್ರ ಅಂದೇ. ಬಾಗಿಲು ತೆಗೆಯುತ್ತಿದ್ದ ಬಟ್ಟೆ ಅಂಗಡಿಯ ಮಾಲೀಕರು ಅರ್ಧ ಎತ್ತಿದ ಷಟರ್ ಹಿಡಿದೇ ನಿಂತರು. ಮಹಡಿಯಿಂದ ಒಬ್ಬಾಕೆ, ಯಾರ ಮದುವೆ, ಆಷಾಢದಲ್ಲಿ ಇದೆಂಥದು ಎಂದು ಕೇಳಿದಳು. ಆಸ್ಪತ್ರೆಯ ಮುಂದೆ ಎಂದಿನಂತೆ ಮೂವತ್ತು ಹೆಜ್ಜೆ ಸುಮ್ಮನೆ ನಡೆದರು. ಕಡೆಗೆ ಬ್ಯಾಂಡಿನ ಅಂಗಡಿಯ ಮುಂದೆ ನಿಂತು, ಎಂದೂ ಯಾವ ಮೆರವಣಿಗೆಯಲ್ಲೂ ಊದದ ಒಂದು ಧಾಟಿಯನ್ನು ಮಾಸ್ತರರು ಒಬ್ಬರೇ ಊದಿದರು. ಮಗಳನ್ನು ಕಳಿಸುವಾಗ ಊದಿದ್ದು ಅದನ್ನೇ ಎಂದು ಆಮೇಲೆ ಹೇಳಿದರು.

ಎರಡು ದಿನಕ್ಕೆ ಅವರು ಹಾವೇರಿಗೆ ಹೋಗಿ ಹಲ್ಲು ಕೀಳಿಸಿಕೊಂಡು ಬಂದರು.

ನಾನು ಅದೇ ವಾರ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದೆ. ಇಳಿಸಿ, ಶ್ರಾವಣ ಮುಗಿಯಲಿ, ನಿರಾಳವಾಗಿ ಕೂತು ಮಾಡೋಣ ಎಂದು ಬಿಟ್ಟೆ. ಶ್ರಾವಣಕ್ಕೆ ಮದುವೆಗಳು ಮುಗಿಬಿದ್ದವು. ಊಟಕ್ಕೆ ಏಳಲೂ ಪುರುಸೊತ್ತಿರಲಿಲ್ಲ. ಆ ಗದ್ದಲದಲ್ಲೇ ಜೆಸಿಬಿಗಳು ಬಂದು ರಸ್ತೆಯ ಒಂದು ಬದಿಯನ್ನು ಒಡೆದುಹಾಕಿದವು. ಬ್ಯಾಂಡಿನ ಅಂಗಡಿ ಹೋಯಿತು. ಟಾಕೀಸಿನ ಮುಂಗಟ್ಟು ಹೋಯಿತು. ಆಸ್ಪತ್ರೆಯವರು ಆಷಾಢ ಮುಗಿಯುತ್ತಲೇ ಊರಾಚೆಗೆ ಹೊಸ ಕಟ್ಟಡಕ್ಕೆ ಹೋಗಿದ್ದರು, ಹಳೆಯದನ್ನು ಅಡಿಪಾಯದ ತನಕ ಕಿತ್ತರು. ನಾನು ಒಳಗೊಳಗೇ ಬೀಗಿದೆ, ನಾನು ಮುಂಚೆಯೇ ಹಿಡಿದಿಟ್ಟಿದ್ದೇನಲ್ಲ ಎಂದು.

ಕೆಲಸ ಇಳಿದ ಮೇಲೆ ಒಂದು ಮಧ್ಯಾಹ್ನ ಆ ಚಿತ್ರ ತೆರೆದು ಕೂತೆ. ಗುಡಿ ಬಂತು, ಕೆಂಪು ಕೋಟುಗಳು ಬಂದವು, ಮಾಸ್ತರರ ಕೆನ್ನೆ ಉಬ್ಬಿತು. ದನಿ ಇಲ್ಲ. ಸ್ಪೀಕರಿನ ವಾಯರು ಅಲುಗಿಸಿದೆ, ಇಲ್ಲ. ಚಿತ್ರದ ಕೆಳಗೆ ದನಿಯ ಗೆರೆ ಏರಿಳಿಯಬೇಕು, ಅಲ್ಲಿ ಗೆರೆಯೇ ಇರಲಿಲ್ಲ. ಇಳಿಸುವಾಗ ಕೈ ತನ್ನಷ್ಟಕ್ಕೆ ಹೋಗಿ ಆ ಚೌಕದ ಗುರುತು ತೆಗೆದುಬಿಟ್ಟಿತ್ತು. ಹನ್ನೊಂದು ವರ್ಷದ ರೂಢಿ, ನನ್ನನ್ನು ಕೇಳುವ ಗೋಜಿಗೂ ಹೋಗಿರಲಿಲ್ಲ.

ಕ್ಯಾಸೆಟ್ಟಿನಲ್ಲಿ ಇದೆಯಲ್ಲ ಎಂದು ಎದ್ದೆ. ಕ್ಯಾಸೆಟ್ಟನ್ನು ಎಲ್ಲಿಟ್ಟಿದ್ದೆನೆಂದು ಆಗ ನೆನಪಾಯಿತು. ನೀಲಿ ಟ್ರೇಗೆ ನಾನೇ ಹಾಕಿದ್ದೆ. ಇದ್ದಬದ್ದ ಕ್ಯಾಸೆಟ್ಟನ್ನೆಲ್ಲ ಒಂದೊಂದಾಗಿ ಕ್ಯಾಮೆರಾಕ್ಕೆ ತುರುಕಿ ನೋಡಿದೆ. ಕೊನೆಗೆ ಒಂದರಲ್ಲಿ ಬ್ಯಾಡಗಿಯ ಮದುವೆಯೊಂದು ಮುಗಿದ ಮೇಲೆ, ತುದಿಯಲ್ಲಿ, ನಮ್ಮ ಪೇಟೆ ರಸ್ತೆಯ ಒಂದು ಕ್ಷಣ ಉಳಿದಿತ್ತು. ಬ್ಯಾಂಡಿನವರು ಕೋಟು ಬಿಚ್ಚುತ್ತಿದ್ದಾರೆ, ಮಾಸ್ತರರು ಕೆಮ್ಮುತ್ತಾರೆ. ಅಷ್ಟೇ. ಉಳಿದದ್ದರ ಮೇಲೆಲ್ಲ ಬ್ಯಾಡಗಿಯ ವರನಿಗೆ ಅರಿಶಿಣ ಹಚ್ಚುತ್ತಿದ್ದರು, ಆ ಹೆಂಗಸರ ನಗು ಸ್ಪಷ್ಟವಾಗಿ ಕೇಳುತ್ತಿತ್ತು. ಆ ವರನ ಮೇಲೆ ನನಗೆ ಬಂದ ಸಿಟ್ಟಿಗೆ ಅರ್ಥವಿರಲಿಲ್ಲ. ನಾನು ಕೂತು ಅತ್ತೆ.

ಮನೆಯವರು ಬಂದು ವಿಷಯ ಕೇಳಿದರು. "ಏನಾತೀಗ? ಯಾವ್ದರ ಕ್ಲಾರಿನೆಟ್ ಸೀಡಿ ತಂದು ಹಾಕು. ಯಾರಿಗೆ ಗೊತ್ತಾಗತೈತಿ?"

"ನನಗ ಗೊತ್ತಾಗತೈತಿ," ಎಂದೆ.

ಅವರು ಕೆಟ್ಟವರಲ್ಲ, ಕಸುಬಿನ ಮಾತು ಆಡಿದ್ದರು. ಎರಡು ತಿಂಗಳ ಹಿಂದೆ ನಾನೂ ಅದನ್ನೇ ಆಡುತ್ತಿದ್ದೆ. ಆದರೆ ಈಗ ಹಾಗೆ ಮಾಡಿದರೆ ಅವರ ಮಗಳ ಮದುವೆಯಲ್ಲಿ ಮಾಡಿದ್ದನ್ನೇ ಗೊತ್ತಿದ್ದೂ ಮಾಡಿದಂತಾಗುತ್ತಿತ್ತು. ಮರುದಿನ ಬೆಳಗ್ಗೆ ಸೀದಾ ಮಾಸ್ತರರ ಮನೆಗೆ ಹೋದೆ. ದಾರಿಯಲ್ಲಿ ಏನೇನೋ ನೆಪ ಹೊಂದಿಸಿಕೊಂಡೆ, ಅವರ ಬಾಗಿಲಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅವರು ಜಗಲಿಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದರು. ಬಾಯಿ ಒಳಕ್ಕೆ ಸೇರಿ ಹತ್ತು ವರ್ಷ ಹೆಚ್ಚಾದಂತೆ ಕಂಡರು. ಇದ್ದದ್ದು ಇದ್ದಂತೆ ಹೇಳಿದೆ. ಗುರುತು ತೆಗೆದದ್ದೂ ನಾನೇ, ಟ್ರೇಗೆ ಹಾಕಿದ್ದೂ ನಾನೇ ಎಂದೆ.

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಮಾತು ಕೊಟ್ಟಿದ್ರಿ," ಎಂದರು ಮಾಸ್ತರರು.

"ಕೊಟ್ಟಿದ್ನಿರಿ. ಮತ್ತ ಕೊಡಾಕ ಬಂದೇನಿ. ನಿಮಗ ಹಲ್ಲು ಕಟ್ಟಸೂತನ ಕಾಯತೇನಿ. ಮತ್ತೊಮ್ಮೆ ನಡಿಯೂಣು. ಈ ಸಲ ಕ್ಯಾಸೆಟ್ ನನ್ನ ಟ್ರಂಕಿನ್ಯಾಗ ಇರತೈತಿ, ಕೀಲಿ ನನ್ನ ಕೊಳ್ಳಾಗ."

"ಎಲ್ಲಿ ನಡೀತೀರಿ? ರಸ್ತೆ ಎಲ್ಲೈತಿ?"

"ಚಿತ್ರದಾಗ ಐತ್ರಿ. ದನಿ ಅಷ್ಟ ಬೇಕು."

"ಕಟ್ಟಿದ ಹಲ್ಲಿನ್ಯಾಗ ಊದಿದ್ರ ಗಾಳಿ ಸೋರತೈತಿ."

"ಸೋರಲಿರಿ."

ಅವರು ಗಂಜಿಯ ಬಟ್ಟಲು ಪಕ್ಕಕ್ಕಿಟ್ಟು ನನ್ನನ್ನು ನೋಡಿದರು. "ನೀ ಬಾಳ ಹಟಮಾರಿ ಇದ್ದಿ ತಂಗಿ," ಎಂದರು. ಅದುವರೆಗೆ ಅಕ್ಕಾರ ಎನ್ನುತ್ತಿದ್ದವರು ಅಂದಿನಿಂದ ತಂಗಿ ಎಂದರು. ಒಪ್ಪಿದರೆಂದು ನನಗೆ ತಿಳಿದದ್ದು ಅದರಿಂದಲೇ.

ದಸರೆ ಹೊತ್ತಿಗೆ ಹಾವೇರಿಯಲ್ಲಿ ಹಲ್ಲು ಕಟ್ಟಿದರು. ಮೊದಲ ದಿನ ಊದಿದಾಗ ಕಟ್ಟಿದ ಹಲ್ಲು ಕಳಚಿ ಮಡಿಲಿಗೆ ಬಿತ್ತು. ನಾವಿಬ್ಬರೂ ನಕ್ಕೆವು, ಆಮೇಲೆ ಅವರು ಮುಖ ತಿರುಗಿಸಿಕೊಂಡರು. ಮತ್ತೆ ಹಾವೇರಿಗೆ ಹೋಗಿ ಸರಿಮಾಡಿಸಿಕೊಂಡು ಬಂದರು. ಪ್ರತಿ ಗುರುವಾರ ನಾನು ಹೋಗಿ ಜಗಲಿಯ ಮೇಲೆ ಕೂರುತ್ತಿದ್ದೆ. ನನ್ನಿಂದ ಸಹಾಯವೇನೂ ಆಗುತ್ತಿರಲಿಲ್ಲ, ಆದರೂ ಹೋಗದಿದ್ದರೆ ಅವರು ಕೈಬಿಟ್ಟಾರೆಂಬ ಭಯ. ಒಂದೊಂದೇ ಸ್ವರ ಹಿಡಿದು ನಿಲ್ಲಿಸಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ನಲವತ್ತು ವರ್ಷ ಊದಿದವರು ಕಲಿಯುವವರ ತರಹ ಮೊದಲಿನಿಂದ ಶುರು ಮಾಡಿದರು. ನೆರೆಯವರು ಕಿಟಕಿ ಹಾಕಿಕೊಂಡರು. "ಅವರಿಗೆ ಮೊದಲಿಂದಾನೂ ಸುರ್ ತಿಳಿಯೂದಿಲ್ಲ," ಎಂದು ಮಾಸ್ತರರು ಊದುವುದನ್ನು ನಿಲ್ಲಿಸಲಿಲ್ಲ. ದೀಪಾವಳಿ ಕಳೆದು ಮದುವೆಗಳು ಶುರುವಾದಾಗ ಬ್ಯಾಂಡಿನ ಮುಂದೆ ಅವರ ಸೋದರಳಿಯ ತುತ್ತೂರಿ ಹಿಡಿದು ನಡೆದ. ಮಾಸ್ತರರು ಮನೆಯಲ್ಲೇ ಉಳಿದು ಅಭ್ಯಾಸ ಮಾಡಿದರು.

ಶೂನ್ಯಮಾಸ ಬಂತು. ಮತ್ತೆ ಮದುವೆಗಳಿಲ್ಲದ ಕಾಲ. ಚಳಿಯ ಬೆಳಗ್ಗೆ ಒಂಬತ್ತು ಜನ ಕೆಂಪು ಕೋಟು ತೊಟ್ಟು ಮತ್ತೆ ಗುಡಿಯ ಮುಂದೆ ನಿಂತರು. ಗುಡಿ ಹಾಗೆಯೇ ಇತ್ತು, ಅದರಾಚೆ ಇಟ್ಟಿಗೆ, ಕಲ್ಲು, ಬಗ್ಗಿದ ಕಬ್ಬಿಣ. ಈ ಸಲ ಮನೆಯವರು ಬೇರೆ ಊರಿಗೆ ಹೋಗಿದ್ದರು, ಕ್ಯಾಮೆರಾ ನಾನೇ ಹಿಡಿದೆ. ಬೇಕಾದ್ದು ದನಿ ಮಾತ್ರ, ಹಾಗಾಗಿ ಕ್ಯಾಮೆರಾವನ್ನು ಮಗುವಿನಂತೆ ಕಂಕುಳಲ್ಲಿಟ್ಟುಕೊಂಡು, ಮೈಕಿಗೆ ನನ್ನ ಹಳೆಯ ಸ್ವೆಟರಿನ ತೋಳು ತೊಡಿಸಿ, ಕಾಲಡಿಯ ಕಲ್ಲು ನೋಡುತ್ತ ಮಾಸ್ತರರ ಹಿಂದೆಯೇ ನಡೆದೆ. ದೂರದಲ್ಲಿ ಒಂದು ಜೆಸಿಬಿ ಕೆಲಸ ಮಾಡುತ್ತಿತ್ತು. ನಿಲ್ಲಿಸಲು ಹೇಳಲೇ ಎಂದೆ. ಬೇಡ ಎಂದು ಅವರು ಕೈ ಅಲ್ಲಾಡಿಸಿದರು.

ದನಿ ಆಷಾಢದ್ದಲ್ಲ. ಒರಟಾಗಿತ್ತು, ಮೇಲಿನ ಸ್ವರಗಳಲ್ಲಿ ಗಾಳಿ ಸೋರುತ್ತಿತ್ತು. ಆದರೆ ನಿಂತಿತು. ಎಲ್ಲಿ ಇಳಿಸಬೇಕು, ಎಲ್ಲಿ ಏರಿಸಬೇಕು ಎಂದು ನಾನು ಹೇಳಬೇಕಾಗಲಿಲ್ಲ. ಮುಂಗಟ್ಟೇ ಇಲ್ಲದ ಟಾಕೀಸಿಗೆ ಅದರ ಪಾಲಿನ ಧಾಟಿ ಸಿಕ್ಕಿತು. ತಮ್ಮ ಅಂಗಡಿಯಿದ್ದ ಜಾಗದಲ್ಲಿ, ಅಗೆದ ಗಟಾರದ ಅಂಚಿನಲ್ಲಿ ನಿಂತು ಮಗಳಿಗೆ ಊದಿದ್ದನ್ನು ಊದಿದರು. ಕ್ಯಾಸೆಟ್ಟನ್ನು ಅಲ್ಲೇ ತೆಗೆದು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡೆ. ಮನೆಗೆ ಬಂದು ಆ ಚೌಕದಲ್ಲಿ ಗುರುತಿದೆಯೇ ಎಂದು ಮೂರು ಸಲ ನೋಡಿ ಇಳಿಸಿದೆ.

ಆಷಾಢದ ಚಿತ್ರಕ್ಕೆ ಶೂನ್ಯಮಾಸದ ದನಿ ಜೋಡಿಸಿದೆ. ಹೊಂದುವುದೋ ಇಲ್ಲವೋ ಎಂದು ಹೆದರಿದ್ದೆ, ಆದರೆ ಮಾಸ್ತರರ ಹೆಜ್ಜೆ ನಲವತ್ತು ವರ್ಷದ ಹೆಜ್ಜೆ. ಕಲ್ಲಿನ ಮೇಲೂ ಅವರು ಅದೇ ನಡಿಗೆಯಲ್ಲಿ ನಡೆದಿದ್ದರು. ಅಲ್ಲಲ್ಲಿ ಒಂದೆರಡು ಕ್ಷಣ ಹಿಂದೆಮುಂದೆ ಆಗಿತ್ತು, ಬೆರಳೊಂದು ಕಡೆ, ಸ್ವರವೊಂದು ಕಡೆ. ತಿದ್ದಲಿಲ್ಲ. ಜೆಸಿಬಿಯ ಗುರುಗುರುವನ್ನೂ ತೆಗೆಯಲಿಲ್ಲ. ನಿಂತಿರುವ ಕಟ್ಟಡಗಳ ಹಿಂದೆ ಎಲ್ಲೋ ಅದು ಕೇಳುತ್ತಿರುತ್ತದೆ, ಆ ಕಟ್ಟಡಗಳಿಗೆ ಮಾತ್ರ ಇನ್ನೂ ಗೊತ್ತಿಲ್ಲ.

ಮದುವೆ ಮಂಟಪದವರು ಶೂನ್ಯಮಾಸವಲ್ಲವೇ ಎಂದು ಒಂದು ಮಧ್ಯಾಹ್ನ ಸಭಾಂಗಣ ಬಿಟ್ಟುಕೊಟ್ಟರು. ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟು, ತೆರೆಯಾಗಿ ಬಿಳಿ ಪಂಚೆ ಕಟ್ಟಿ, ಬಾಡಿಗೆಗೆ ಪ್ರೊಜೆಕ್ಟರ್ ತಂದೆವು. ಅಂಗಡಿ ಕಳೆದುಕೊಂಡವರು, ಬ್ಯಾಂಡಿನವರು, ಓಣಿಯ ಹೆಂಗಸರು ಎಲ್ಲ ಬಂದರು. ಮಾಸ್ತರರ ಮಗಳು ಗಂಡನ ಮನೆಯಿಂದ ಬಂದು ತಂದೆಯ ಪಕ್ಕ ಕೂತಳು. ಅವರ ಇನ್ನೊಂದು ಪಕ್ಕಕ್ಕೆ ಮನೆಯವರು, ಅವರಾಚೆ ನಾನು. ಮನೆಯವರು ಚಿತ್ರವನ್ನು ಪೂರ್ತಿ ನೋಡಿರಲಿಲ್ಲ.

ಗುಡಿ ಬಂತು, ಕ್ಲಾರಿನೆಟ್ ಹಿಡಿಯಿತು. ಜನ ತಮ್ಮ ತಮ್ಮ ಅಂಗಡಿ ಬಂದಾಗಲೆಲ್ಲ ಬೆರಳು ಮಾಡಿ ತೋರಿಸಿದರು. ಮಸೀದಿಯ ತಿರುವು, ಬಟ್ಟೆ ಅಂಗಡಿಗಳ ಸಾಲು. ಆಮೇಲೆ ಹೆರಿಗೆ ಆಸ್ಪತ್ರೆಯ ಹಳದಿ ಗೋಡೆ ಪಂಚೆಯ ತುಂಬ ನಿಂತಿತು, ಅದರ ಗೇಟು, ಗೇಟಿನ ಬಳಿ ಥರ್ಮಾಸ್ ಹಿಡಿದು ನಿಂತ ಒಬ್ಬ ಅಜ್ಜಿ. ಅದೇ ಕ್ಷಣಕ್ಕೆ ದನಿ ನಿಂತುಹೋಯಿತು.

"ಸೌಂಡ್ ಹೋತು," ಎಂದರು ಹಿಂದಿನವರು. ಯಾರೋ ಸಿಳ್ಳೆ ಹಾಕಿದರು. ಮನೆಯವರು ನನ್ನನ್ನು ಒಮ್ಮೆ ನೋಡಿ, ವಾಯರು ಹಿಡಿಯಲು ದಡಬಡಿಸಿ ಎದ್ದರು.

ಮಿಕ್ಸಿಂಗಿನಲ್ಲಿ ಇಲ್ಲಿಗೆ ಬಂದಾಗ ನಾನೂ ಹಾಗೇ ಅಂದುಕೊಂಡಿದ್ದೆ. ದನಿಯ ಗೆರೆ ಹೆಚ್ಚುಕಡಿಮೆ ಸಪಾಟಾಗಿ ಮಲಗಿತ್ತು, ಕೈ ತನ್ನಷ್ಟಕ್ಕೆ ಹಾಡೊಂದನ್ನು ಹುಡುಕಿ ಹೊರಟಿತ್ತು. ಆಮೇಲೆ ಕಿವಿಗೊಟ್ಟು ಕೇಳಿದೆ. ಕಲ್ಲುಗಳ ಮೇಲೆ ಒಂಬತ್ತು ಜನರ ಕಾಲಸದ್ದು. ಅಡಿಪಾಯವೂ ಉಳಿಯದ ಬಯಲಿನ ಮುಂದೆ, ಯಾರೂ ಹೇಳದೆ, ಅವರು ಮೂವತ್ತು ಹೆಜ್ಜೆ ಸುಮ್ಮನೆ ನಡೆದಿದ್ದರು. ಹಿಂದೆಯೇ ಕಾಲಡಿ ನೋಡುತ್ತಿದ್ದ ನಾನು, ಮಾಸ್ತರರು ದಣಿದು ನಿಲ್ಲಿಸಿದರೆಂದುಕೊಂಡು, ಎಲ್ಲಿದ್ದೇವೆಂದು ಗಮನಿಸಿರಲೇ ಇಲ್ಲ.

ಮನೆಯವರಿಗೆ ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಮಾಸ್ತರರು ಪಂಚೆಯಿಂದ ಕಣ್ಣು ತೆಗೆಯದೆ ಅವರ ಅಂಗಿಯ ತುದಿ ಹಿಡಿದು ಕೆಳಗೆ ಜಗ್ಗಿದರು.

"ಕುಂದರ್ರಿ," ಎಂದರು. "ಆಸ್ಪತ್ರಿ ಬಂತು."